ಕಾಗದ ಸುಟ್ಟರು, ಅಲಸಂದೆ ವಡೆ ಉಳೀತು

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಓದುಬಳಗದ ಹುಡುಗರು ಪದೇಪದೇ ಕೇಳೋ ಪ್ರಶ್ನೆ ಒಂದಿದೆ. "ಅಣ್ಣಾ, ಅವರಿಗೆ ಶಾಸನ ಇದೆ, ತಾಳೆಗರಿ ಇದೆ, ವಂಶವೃಕ್ಷ ಇದೆ. ನಮ್ಮ ಕೇರಿಗೆ ಏನಿದೆ? ಮುತ್ತಾತನಿಂದ ಹಿಂದಕ್ಕೆ ಒಂದು ಹೆಸರೂ ಗೊತ್ತಿಲ್ಲ." ಇದಕ್ಕೆ ಭಾಷಣದ ಉತ್ತರ ಕೊಡೋದು ಸುಲಭ. ಆದರೆ ಇದೇ ಪ್ರಶ್ನೆಯನ್ನ ನಮಗಿಂತ ಮೊದಲೇ ಎದುರಿಸಿದ ಜನ ಇದ್ದಾರೆ. ಅವರು ಅದಕ್ಕೆ ಹೇಗೆ ಉತ್ತರ ಕಂಡುಕೊಂಡರು ಅನ್ನೋದನ್ನ ನೋಡೋಣ ಅಂತ ಈ ಬರಹ. ಅವರು ಪಶ್ಚಿಮ ಆಫ್ರಿಕಾದ ಯೊರುಬಾ ಜನ. ಇವತ್ತಿನ ನೈಜೀರಿಯಾದ ನೈಋತ್ಯ ಭಾಗ, ಪಕ್ಕದ ಬೆನಿನ್ ದೇಶದ ಒಂದಷ್ಟು ಭಾಗ ಅವರ ನಾಡು. ಇಬಾದಾನ್, ಅಬೆಯೊಕುಟ, ಇಫೆ, ಓಯೊ ಅವರ ಊರುಗಳು. ಲಾಗೋಸ್ ಮಹಾನಗರವೂ ಅವರ ನೆಲದಲ್ಲೇ ಇದೆ.

(ನಮ್ಮ ಉತ್ತರ ಕನ್ನಡದ ಸಿದ್ದಿ ಬಂಧುಗಳು ಇವರೇನಾ ಅಂತ ಕೆಲವರು ಕೇಳಬಹುದು. ಅಲ್ಲ. ಸಿದ್ದಿಗಳ ಹಿರಿಯರು ಬಂದಿದ್ದು ಪೂರ್ವ ಆಫ್ರಿಕಾದ ಕಡೆಯಿಂದ. ಆಫ್ರಿಕಾ ಅಂದ್ರೆ ಒಂದೇ ಊರು ಅಂತ ತಿಳಿಯೋದೂ ಒಂದು ಥರದ ಅವಮಾನವೇ.)

ಮೊದಲು ಊಟದಿಂದ ಶುರು ಮಾಡ್ತೀನಿ. ಯೊರುಬಾ ನಾಡಿನ ಯಾವ ಪೇಟೆಗೆ ಬೆಳಗ್ಗೆ ಹೋದರೂ ರಸ್ತೆ ಪಕ್ಕ ಹೆಂಗಸರು ಬಾಣಲೆ ಇಟ್ಟು ಅಕರಾ ಕರೀತಿರ್ತಾರೆ. ಅಲಸಂದೆ ಕಾಳು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಈರುಳ್ಳಿ ಮೆಣಸಿನಕಾಯಿ ಜೊತೆ ರುಬ್ಬಿ, ಹಿಟ್ಟನ್ನ ಬಡಿದು ಬಡಿದು ಹಗುರ ಮಾಡಿ, ಎಣ್ಣೆಗೆ ಬಿಡೋದು. ಓದ್ತಾ ಇದ್ದ ಹಾಗೆ ಗೊತ್ತಾಯ್ತಲ್ಲ, ನಮ್ಮ ಅಲಸಂದೆ ವಡೆಯೇ! ಅದೇ ಹಿಟ್ಟನ್ನ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಮೊಯಿನ್ ಮೊಯಿನ್. ಅಕರಾ ಜೊತೆಗೆ ಓಗಿ ಕುಡೀತಾರೆ. ಅದು ಜೋಳ ಅಥವಾ ಮುಸುಕಿನ ಜೋಳವನ್ನ ನೆನೆಸಿ ಹುಳಿ ಬರಿಸಿ ಕಾಯಿಸೋ ಗಂಜಿ, ನಮ್ಮ ಅಂಬಲಿಯ ದಾಯಾದಿ. ತುಂಬು ಆಯುಷ್ಯ ಮುಗಿಸಿದ ಹಿರಿಯರು ತೀರಿಕೊಂಡಾಗ ಅಕರಾ ಕರಿದು ನೆರೆಹೊರೆಗೆ ಹಂಚೋ ಪದ್ಧತಿಯೂ ಅವರಲ್ಲಿದೆ.

ಈ ಹೋಲಿಕೆ ಸುಮ್ಮನೆ ಬಂದಿದ್ದಲ್ಲ. ಅಲಸಂದೆಯನ್ನ ಮೊದಲು ಹೊಲಕ್ಕೆ ತಂದು ಪಳಗಿಸಿದವರು ಆಫ್ರಿಕಾದ ರೈತರು. ಸಾವಿರಾರು ವರ್ಷದ ಹಿಂದೆಯೇ ಅದು ನಮ್ಮ ನೆಲಕ್ಕೆ ಬಂತು. ಅಲಸಂದೆ ಒಂದೇ ಅಲ್ಲ. ನಾವು "ನಮ್ಮ ಮಣ್ಣಿನ ಬೆಳೆ" ಅಂತ ಎದೆ ತಟ್ಟಿಕೊಳ್ಳೋ ರಾಗಿ, ಜೋಳ, ಸಜ್ಜೆ ಮೂರೂ ಆಫ್ರಿಕಾದ ಕೊಡುಗೆ. ನಮ್ಮ ಕೇರಿಗಳನ್ನ ಬದುಕಿಸಿದ ಮುದ್ದೆ, ರೊಟ್ಟಿ, ಅಂಬಲಿಯ ಹಿಂದೆ ಆಫ್ರಿಕಾದ ಹೆಸರಿಲ್ಲದ ರೈತರ ಬುದ್ಧಿ ಇದೆ. ಅವರಿಗೂ ಶಾಸನ ಇಲ್ಲ. ಆದರೆ ಅವರು ಮಾಡಿದ್ದು ದಿನಾ ನಮ್ಮ ತಟ್ಟೆಯಲ್ಲಿದೆ.

ಈಗ ಚರಿತ್ರೆಗೆ ಬರ್ತೀನಿ. ಇಫೆ ಅನ್ನೋ ಊರನ್ನ ಯೊರುಬಾ ಜನ ಲೋಕ ಹುಟ್ಟಿದ ಜಾಗ ಅಂತ ನಂಬ್ತಾರೆ. ಅಲ್ಲಿ ಮಣ್ಣಿನಲ್ಲಿ, ಹಿತ್ತಾಳೆ ತಾಮ್ರದಲ್ಲಿ ಮಾಡಿದ ಮನುಷ್ಯರ ತಲೆಗಳಿವೆ. ಸುಮಾರು 12ರಿಂದ 15ನೇ ಶತಮಾನದ ಕೆಲಸ, ಅಂದ್ರೆ ನಮ್ಮಲ್ಲಿ ವಚನಕಾರರಿಂದ ವಿಜಯನಗರದವರೆಗಿನ ಕಾಲ. ಮುಖದ ಚರ್ಮ ಉಸಿರಾಡ್ತಿದೆಯೇನೋ ಅನ್ನೋ ಹಾಗಿವೆ. 1910ರಲ್ಲಿ ಲಿಯೊ ಫ್ರೊಬೆನಿಯಸ್ ಅನ್ನೋ ಜರ್ಮನ್ ವಿದ್ವಾಂಸ ಅಲ್ಲಿಗೆ ಹೋಗಿ ಇಂಥವನ್ನ ನೋಡ್ತಾನೆ. ನೋಡಿ ಏನಂದ ಗೊತ್ತಾ? ಇದು ಕರಿಯರ ಕೈಯಿಂದ ಆಗೋ ಕೆಲಸ ಅಲ್ಲ, ಯಾವುದೋ ಕಾಲದಲ್ಲಿ ಮುಳುಗಿಹೋದ ಅಟ್ಲಾಂಟಿಸ್ ಅನ್ನೋ ಗ್ರೀಕರ ವಸಾಹತಿನದ್ದು ಅಂದ! ಅಲ್ಲೇ ಕಣ್ಣೆದುರು ಇರೋ ಜನರನ್ನ ಬಿಟ್ಟು, ಇಲ್ಲದ ಒಂದು ದ್ವೀಪಕ್ಕೆ ಕೀರ್ತಿ ಕೊಟ್ಟ. 1938ರಲ್ಲಿ ಅದೇ ಊರಲ್ಲಿ ಮನೆ ಕಟ್ಟೋಕೆ ಪಾಯ ತೆಗೀವಾಗ ಹದಿನೈದಕ್ಕೂ ಹೆಚ್ಚು ಲೋಹದ ತಲೆಗಳು ಒಟ್ಟಿಗೆ ಸಿಕ್ಕವು. ಆಮೇಲೆ ಅಟ್ಲಾಂಟಿಸ್ ಕತೆ ನಿಲ್ಲೋಕೆ ಜಾಗ ಇರಲಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? ಕೆರೆ ಕಟ್ಟಿದವರು, ಚರ್ಮ ಹದ ಮಾಡಿದವರು, ತಮಟೆ ಕಟ್ಟಿದವರು ಯಾರು ಅಂತ ಊರಿಗೆಲ್ಲ ಗೊತ್ತು. ಕೀರ್ತಿ ಮಾತ್ರ ಬೇರೆ ವಿಳಾಸಕ್ಕೆ ಹೋಗುತ್ತೆ.

ಯೊರುಬಾ ನಾಡಲ್ಲಿ ದೊಡ್ಡದಾಗಿ ಬೆಳೆದ ರಾಜ್ಯ ಓಯೊ. ಅದರ ದೊರೆಗೆ ಅಲಾಫಿನ್ ಅಂತಾರೆ. ದೊರೆ ಮಿತಿಮೀರಿದರೆ ಏಳು ಜನ ಹಿರಿಯರ ಮಂಡಳಿ ಅವನನ್ನ ತಿರಸ್ಕರಿಸಬಹುದಿತ್ತು, ತಿರಸ್ಕಾರವಾದ ದೊರೆ ಪ್ರಾಣ ಬಿಡಬೇಕಿತ್ತು. ದೊರೆ ಆಸ್ಥಾನದಲ್ಲಿ ಅರೊಕಿನ್ ಅನ್ನೋರು ಇದ್ದರು. ರಾಜವಂಶದ ಕತೆಯನ್ನ ಬಾಯಲ್ಲೇ ಇಟ್ಟುಕೊಂಡು ಹೇಳೋರು. ನಮ್ಮ ಹೆಳವರನ್ನ ನೆನಪು ಮಾಡ್ಕೊಳ್ಳಿ. ಒಬ್ಬೊಬ್ಬ ಮನುಷ್ಯನಿಗೆ, ಮನೆತನಕ್ಕೆ, ಊರಿಗೆ ಒರಿಕಿ ಅನ್ನೋ ಹೊಗಳಿಕೆಯ ಪದಗಳ ಸರಮಾಲೆ ಇರ್ತಿತ್ತು. ಅದನ್ನ ಹಾಡಿ ಉಳಿಸಿದವರಲ್ಲಿ ಹೆಂಗಸರೇ ಬಹಳ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಯೊರುಬಾ ರಾಜ್ಯಗಳಲ್ಲೂ ಗುಲಾಮರಿದ್ದರು. ಓಯೊ ತಾನೇ ಯುದ್ಧದಲ್ಲಿ ಸೆರೆಹಿಡಿದವರನ್ನ ಕರಾವಳಿಗೆ ಸಾಗಿಸಿ ಬಿಳಿಯರಿಗೆ ಮಾರ್ತಿತ್ತು. "ನಮ್ಮ ಹಿಂದಿನ ಕಾಲ ಸ್ವರ್ಗವಾಗಿತ್ತು" ಅಂತ ಹೇಳೋ ಚರಿತ್ರೆ ನನಗೆ ಬೇಡ, ಅದು ಯಾರದ್ದೇ ಆಗಿರಲಿ. ಆ ಸ್ವರ್ಗದಲ್ಲಿ ಯಾರು ಕೆಳಗಿದ್ದರು ಅಂತ ಕೇಳೋದು ಬಾಬಾಸಾಹೇಬರು ನಮಗೆ ಕಲಿಸಿದ ಅಭ್ಯಾಸ.

1817ರ ಹೊತ್ತಿಗೆ ಓಯೊ ಒಳಗೇ ಬಂಡಾಯ ಎದ್ದಿತು. ಇಲೊರಿನ್‌ನಲ್ಲಿದ್ದ ಸೇನಾಪತಿ ಅಫೊಂಜಾ ದೊರೆಗೆ ತಿರುಗಿ ನಿಂತ. ಅಲ್ಲಿಂದ ಶುರುವಾದ ಯುದ್ಧಗಳು ಹೆಚ್ಚುಕಡಿಮೆ ಆ ಶತಮಾನದ ಕೊನೆವರೆಗೂ ನಡೆದವು. ಹಳೆಯ ಓಯೊ ಪಟ್ಟಣವೇ ಹಾಳುಬಿತ್ತು. ಊರುಗಳು ಸುಟ್ಟವು, ಜನ ಓಡಿದರು. ಇಬಾದಾನ್, ಅಬೆಯೊಕುಟ ಎರಡೂ ಹೀಗೆ ಓಡಿಬಂದವರು ಕಟ್ಟಿಕೊಂಡ ಊರುಗಳೇ. ಸಿಕ್ಕಿಬಿದ್ದವರು ಹಡಗು ಹತ್ತಿದರು. ಮುಖ್ಯವಾಗಿ ಎರಡು ಕಡೆಗೆ: ಬ್ರೆಜಿಲ್‌ನ ಬಾಹಿಯಾ ಮತ್ತು ಕ್ಯೂಬಾ.

ಹಾಗೆ ಸಿಕ್ಕಿಬಿದ್ದವರಲ್ಲಿ ಅಜಾಯಿ ಅನ್ನೋ ಒಬ್ಬ ಹುಡುಗ. ಒಸೊಗುನ್ ಅನ್ನೋ ಊರಿನವನು. 1821ರಲ್ಲಿ ಊರಿನ ಮೇಲೆ ದಾಳಿಯಾದಾಗ ಅವನು ಇನ್ನೂ ಬಾಲಕ. ಕೈಯಿಂದ ಕೈಗೆ ಎಷ್ಟೋ ಸಲ ಮಾರಾಟವಾದ. ಒಂದು ಸಲ ಅವನನ್ನ ಕೊಟ್ಟು ಕುದುರೆ ತಗೊಂಡರು. ಕೊನೆಗೆ ಪೋರ್ಚುಗೀಸ್ ಹಡಗಿಗೆ ಹಾಕಿದರು. 1822ರ ಏಪ್ರಿಲ್‌ನಲ್ಲಿ ಆ ಹಡಗನ್ನ ಬ್ರಿಟಿಷ್ ನೌಕಾಪಡೆ ತಡೆದು, ಅದರಲ್ಲಿದ್ದವರನ್ನ ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಇಳಿಸಿತು. (ಬ್ರಿಟಿಷರು ಪುಣ್ಯಾತ್ಮರು ಅಂತಲ್ಲ. ಹದಿನೆಂಟನೇ ಶತಮಾನದಲ್ಲಿ ಗುಲಾಮರನ್ನ ಅತಿ ಹೆಚ್ಚು ಸಾಗಿಸಿದವರೇ ಅವರು. ಆಮೇಲೆ 1851ರಲ್ಲಿ ಲಾಗೋಸ್ ಮೇಲೆ ತೋಪು ಹಾರಿಸಿ, 1861ರಲ್ಲಿ ಅದನ್ನ ನುಂಗಿದವರೂ ಅವರೇ.) ಅಜಾಯಿ ಅಲ್ಲಿ ಓದಿ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್ ಆದ. 1843ರಲ್ಲಿ ಯೊರುಬಾ ಪದಕೋಶ ಪ್ರಕಟಿಸಿದ. 1846ರಲ್ಲಿ ಅಬೆಯೊಕುಟದಲ್ಲಿ, ಇಪ್ಪತ್ತೈದು ವರ್ಷದ ಮೇಲೆ, ತನ್ನ ಹೆತ್ತ ತಾಯಿಯನ್ನ ಮತ್ತೆ ಕಂಡ. 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ. ಅಷ್ಟಾದರೂ ಕೊನೆಗಾಲದಲ್ಲಿ ಬಿಳಿಯ ಯುವ ಪಾದ್ರಿಗಳು ಬಂದು ಅವನ ಅಧಿಕಾರ ಕಿತ್ತುಕೊಂಡು ಅವಮಾನ ಮಾಡಿದರು. 1891ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಎಷ್ಟು ಓದಿದರೂ, ಎಷ್ಟು ಎತ್ತರದ ಕುರ್ಚಿಯಲ್ಲಿ ಕೂತರೂ "ನೀನು ಯಾರು" ಅಂತ ನೆನಪಿಸೋರು ಇದ್ದೇ ಇರ್ತಾರೆ. ಇದನ್ನ ನಿಮಗೆ ವಿವರಿಸಬೇಕಾಗಿಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ ವಿಷಯ. ಅಜಾಯಿ ಹುಟ್ಟಿದಾಗ ಈ ಜನ ಎಲ್ಲರೂ ತಮ್ಮನ್ನ "ಯೊರುಬಾ" ಅಂತ ಕರ್ಕೊಳ್ತಿರಲಿಲ್ಲ. ಎಗ್ಬಾ, ಇಜೆಬು, ಎಕಿಟಿ, ಇಜೆಶಾ, ಓಯೊ ಅಂತ ಬೇರೆ ಬೇರೆ. ಒಬ್ಬರ ಮೇಲೊಬ್ಬರು ಯುದ್ಧ ಮಾಡ್ತಿದ್ದರು. ಯೊರುಬಾ ಅನ್ನೋದು ಉತ್ತರದ ಹೌಸಾ ಜನ ಓಯೊದವರಿಗೆ ಇಟ್ಟಿದ್ದ ಹೆಸರು. ಫ್ರೀಟೌನ್‌ನಲ್ಲಿ ಇವರನ್ನ "ಅಕು" ಅಂದರು, ಇವರು ಒಬ್ಬರಿಗೊಬ್ಬರು ನಮಸ್ಕಾರ ಹೇಳೋ ಮಾತಿನಿಂದ. ಬ್ರೆಜಿಲ್‌ನಲ್ಲಿ "ನಾಗೊ", ಕ್ಯೂಬಾದಲ್ಲಿ "ಲುಕುಮಿ". ಎಲ್ಲಾ ಬೇರೆಯವರು ಇಟ್ಟ ಹೆಸರುಗಳು. ಆದರೆ ಊರು ಕಳೆದುಕೊಂಡು ಪರದೇಶದಲ್ಲಿ ಒಟ್ಟಿಗೆ ಬಿದ್ದಾಗ, ನಿನ್ನ ಮಾತು ನನಗೆ ಅರ್ಥವಾಗುತ್ತೆ, ನಿನ್ನ ದೇವರು ನನ್ನ ದೇವರು, ನಿನ್ನ ಅಕರಾ ನನ್ನ ಅಕರಾ ಅಂತ ಗೊತ್ತಾಯ್ತು. ಕ್ರೌದರ್ ಥರದ ಮುಕ್ತಗುಲಾಮರು ಬರೆದ ಪುಸ್ತಕಗಳ ಮೂಲಕ "ಯೊರುಬಾ" ಅನ್ನೋದು ಎಲ್ಲರ ಹೆಸರಾಗಿ ಊರಿಗೆ ವಾಪಸ್ ಬಂತು. ಒಂದು ಜನಾಂಗಕ್ಕೆ ಅದರ ಹೆಸರನ್ನ ಕೊಟ್ಟವರು ರಾಜರಲ್ಲ, ಮಾರಾಟವಾದವರು.

ನಮ್ಮಲ್ಲಿ ಹೊಲೆಯ, ಮಾದಿಗ, ಛಲವಾದಿ ಅಂತ ಕೇರಿಕೇರಿಗೆ ಗೋಡೆ ಇದ್ದಾಗ "ದಲಿತ" ಅನ್ನೋ ಹೆಸರಿನ ಕೆಳಗೆ ಬಂದು ನಿಂತವರಿಗೆ ಇದರ ಬೆಲೆ ಗೊತ್ತು. ಇವತ್ತು ಮತ್ತೆ ಗೋಡೆ ಎತ್ತರ ಮಾಡೋಕೆ ಹೊರಟವರಿಗೂ ಗೊತ್ತಿರಲಿ. ಒಳಗಿನ ಅನ್ಯಾಯ ಸರಿಪಡಿಸಲೇಬೇಕು. ಅದಕ್ಕೆ ಹೆಸರನ್ನ ಒಡೆಯಬೇಕಾಗಿಲ್ಲ.

ಬಾಹಿಯಾಕ್ಕೆ ಹೋಗೋಣ. ಆಫ್ರಿಕಾದ ಎಲ್ಲಾ ಭಾಗ ಸೇರಿ ಸುಮಾರು 48 ಲಕ್ಷ ಜನರನ್ನ ಬ್ರೆಜಿಲ್‌ಗೆ ತಂದು ಇಳಿಸಿದರು ಅಂತ ಇತಿಹಾಸಕಾರರ ಅಂದಾಜು. 19ನೇ ಶತಮಾನದಲ್ಲಿ ಬಾಹಿಯಾದ ರಾಜಧಾನಿ ಸಾಲ್ವಡಾರ್‌ಗೆ ಬಂದವರಲ್ಲಿ ಯೊರುಬಾಗಳು ಬಹಳ. ಅಲ್ಲಿನ ಒಡೆಯರು ಹೆಂಗಸರನ್ನ ಬೀದಿಗೆ ಕಳಿಸ್ತಿದ್ದರು: ಏನಾದರೂ ಮಾರಿ ಇಷ್ಟು ದುಡ್ಡು ತಂದುಕೊಡು, ಮಿಕ್ಕಿದ್ದು ನಿನ್ನದು. ಆ ಹೆಂಗಸರು ತಲೆ ಮೇಲೆ ತಟ್ಟೆ ಇಟ್ಟುಕೊಂಡು ಅಕರಾ ಮಾರಿದರು. "ಜೆ" ಅಂದ್ರೆ ಯೊರುಬಾದಲ್ಲಿ ತಿನ್ನು ಅಂತ. ಅಕರಾ, ಜೆ, ಎರಡೂ ಸೇರಿ ಆ ತಿಂಡಿಯ ಹೆಸರೇ "ಅಕರಜೆ" ಆಯ್ತು. ಮಿಕ್ಕಿದ ಚಿಲ್ಲರೆ ಕೂಡಿಟ್ಟು ಎಷ್ಟೋ ಹೆಂಗಸರು ತಮ್ಮನ್ನ ತಾವೇ ಕೊಂಡುಕೊಂಡು ಬಿಡುಗಡೆಯಾದರು. ಒಂದೊಂದು ವಡೆ ಕರಿದು ತನ್ನ ಮೈಯ ಬೆಲೆ ಕಟ್ಟೋದು ಅಂದ್ರೆ ಎಂಥ ಲೆಕ್ಕ ಅದು, ಯೋಚನೆ ಮಾಡಿ.

ಬರೀ ವಡೆ ಕರಿದು ಸುಮ್ಮನಿರಲಿಲ್ಲ. 1835ರ ಜನವರಿ 24ರ ರಾತ್ರಿ, ರಂಜಾನ್ ಕೊನೆಯ ದಿನಗಳಲ್ಲಿ, ಸಾಲ್ವಡಾರ್‌ನಲ್ಲಿ ಸುಮಾರು 600 ಆಫ್ರಿಕನ್ನರು ದಂಗೆ ಎದ್ದರು. ಬಹುಪಾಲು ಯೊರುಬಾ ಮುಸ್ಲಿಮರು. ಮಾಲೆ ದಂಗೆ ಅಂತಾರೆ. ಕೆಲವೇ ಗಂಟೆಯಲ್ಲಿ ಸೈನ್ಯ ಅದನ್ನ ಮುಗಿಸಿತು, 70ಕ್ಕೂ ಹೆಚ್ಚು ದಂಗೆಕೋರರು ಸತ್ತರು. ಪೊಲೀಸರಿಗೆ ಅವರ ಹತ್ತಿರ ಅರಬ್ಬಿ ಅಕ್ಷರದ ಕಾಗದಗಳು ಸಿಕ್ಕವು. ಗುಲಾಮರಿಗೆ ಓದು ಬರಹ ಬರುತ್ತಾ ಅಂತ ಒಡೆಯರು ನಡುಗಿದರು. ಅದೆಷ್ಟೋ ಒಡೆಯರಿಗೇ ಓದು ಬರ್ತಿರಲಿಲ್ಲ!

ಒಂದು ಲೆಕ್ಕ ನೆನಪಿಡಿ. ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಬರೆದು, ಗುಲಾಮಗಿರಿ ಕಿತ್ತುಹಾಕಿದ ಅಮೆರಿಕದ ಜನರಿಗೆ ಅರ್ಪಿಸಿದರಲ್ಲ, ಆ ವರ್ಷ ಕೂಡ ಬಾಹಿಯಾದಲ್ಲಿ, ಕ್ಯೂಬಾದಲ್ಲಿ ಗುಲಾಮರು ಇದ್ದರು. ಕ್ಯೂಬಾದಲ್ಲಿ ಮುಗಿದಿದ್ದು 1886ಕ್ಕೆ, ಬ್ರೆಜಿಲ್‌ನಲ್ಲಿ 1888ರ ಮೇ 13ಕ್ಕೆ. ಬಿಡುಗಡೆಯಾದವರಿಗೆ ಒಂದು ಗುಂಟೆ ಜಮೀನು ಕೊಡಲಿಲ್ಲ.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತಗಳ ನಡುವೆ ಬದುಕಿದವನು. ಹಾಗಾಗಿ ಮುಂದಿನ ಎರಡು ಸಂಗತಿ ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಮೊದಲನೇದು: 1890ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಹಣಕಾಸು ಮಂತ್ರಿ ರುಯಿ ಬಾರ್ಬೊಸಾ, ಸರ್ಕಾರದ ಹತ್ತಿರ ಇದ್ದ ಗುಲಾಮಗಿರಿಯ ದಾಖಲೆಗಳನ್ನ ಸುಡಿ ಅಂತ ಆದೇಶ ಹೊರಡಿಸಿದ. ಒಡೆಯರು ಪರಿಹಾರ ಕೇಳದ ಹಾಗೆ ಮಾಡೋಕೆ ಅಂತ ಸಮರ್ಥನೆ ಕೊಡೋರಿದ್ದಾರೆ. ಇರಬಹುದು. ಆದರೆ ಆ ಬೆಂಕಿಯಲ್ಲಿ ಯಾರ ಅಜ್ಜಿಯ ಹೆಸರು, ಯಾರ ಊರು ಬೂದಿಯಾಯ್ತೋ! ಎರಡನೇದು: ಸ್ಯಾಮ್ಯುಯೆಲ್ ಜಾನ್ಸನ್ ಅಂತ ಒಬ್ಬ ಪಾದ್ರಿ, ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿದವನು, ಓಯೊದಲ್ಲಿ ಕೂತು ಅರೊಕಿನ್‌ಗಳ ಬಾಯಿಂದ ಕೇಳಿ ಕೇಳಿ ಯೊರುಬಾ ಜನರ ಚರಿತ್ರೆ ಬರೆದ. 1897ಕ್ಕೆ ಮುಗಿಸಿದ. ಹಸ್ತಪ್ರತಿ ಇಂಗ್ಲೆಂಡಿಗೆ ಹೋಯ್ತು, ಅಲ್ಲಿ ಪ್ರಕಾಶಕರ ಕೈಯಲ್ಲಿ ಕಳೆದೇ ಹೋಯ್ತು. 1901ರಲ್ಲಿ ಜಾನ್ಸನ್ ತೀರಿಕೊಂಡ. ಅವನ ತಮ್ಮ ಡಾಕ್ಟರ್ ಒಬಡಾಯ, ಅಣ್ಣನ ಕಚ್ಚಾ ಟಿಪ್ಪಣಿಗಳನ್ನ ಜೋಡಿಸಿ ಇಡೀ ಪುಸ್ತಕ ಮತ್ತೆ ಬರೆದ. ಅದು ಅಚ್ಚಾಗಿದ್ದು 1921ರಲ್ಲಿ. ಇವತ್ತಿಗೂ ಯೊರುಬಾ ಚರಿತ್ರೆ ಅಂದ್ರೆ ಆ ಪುಸ್ತಕದಿಂದಲೇ ಶುರು.

"ಕಡತ ಲಭ್ಯವಿರುವುದಿಲ್ಲ" ಅನ್ನೋ ಹಿಂಬರಹ ನಮ್ಮ ಜನರಿಗೆ ಎಷ್ಟು ಸಲ ಬಂದಿದೆ! ಸರ್ಕಾರ ಮಂಜೂರು ಮಾಡಿದ ಜಮೀನು ಬೇರೆಯವರ ಪಾಲಾಗಿ, ಪಿಟಿಸಿಎಲ್ ಕಾಯ್ದೆಯಲ್ಲಿ ಕೇಸು ಹಾಕೋಣ ಅಂತ ಹೋದರೆ ಮೂಲ ಮಂಜೂರಾತಿ ಕಡತವೇ ಇಲ್ಲ. ನಮ್ಮ ಹತ್ತಿರದ ಸಂಬಂಧಿಕರೊಬ್ಬರ ಎರಡು ಎಕರೆ ಹೀಗೇ ಹೋಯ್ತು. ಕಡತ ತಾನಾಗಿ ನಡೆದು ಹೋಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಗದ ಸುಟ್ಟ ಮೇಲೆ ಬಾಹಿಯಾದಲ್ಲಿ ಏನು ಉಳೀತು? ಅಡುಗೆಮನೆ ಉಳೀತು, ದೇವರ ಮನೆ ಉಳೀತು, ಎರಡನ್ನೂ ಕಾಯ್ದ ಹೆಂಗಸರು ಉಳಿದರು. ಗುಡುಗಿನ ದೇವರು ಶಾಂಗೊ, ಬಿರುಗಾಳಿಯ ದೇವತೆ ಓಯಾ, ಇವರನ್ನ ಬಿಡಿ ಅಂತ ಚಾಬೂಕು ಹಿಡಿದು ಹೇಳಿದಾಗ ಕ್ರೈಸ್ತ ಸಂತರ ಪಟದ ಹಿಂದೆ ಇಟ್ಟು ಪೂಜಿಸಿದರು. ಓಯಾ ಸಂತ ಬಾರ್ಬರಾ ಆದಳು. ಆ ಪಂಥಕ್ಕೆ ಕಾಂಡೊಂಬ್ಲೆ ಅಂತಾರೆ. ಓಯಾಳ ಎಡೆಗೆ ಇಡೋದು ಅಕರಜೆ. ಶಾಂಗೊಗೆ ಬೆಂಡೆಕಾಯಿಯ ಅಡುಗೆ. ಸಾಲ್ವಡಾರ್‌ನ ಹಳೆಯ ಗುಡಿಗಳಲ್ಲಿ ಒಂದಾದ ಕಾಸಾ ಬ್ರಾಂಕಾವನ್ನ ಕಟ್ಟಿದ್ದೂ ಆಫ್ರಿಕನ್ ಹೆಂಗಸರೇ, ಇವತ್ತಿಗೂ ಅಲ್ಲಿ ಮುಖ್ಯಸ್ಥರು ಹೆಂಗಸರು. ಪೊಲೀಸರು ಗುಡಿಗಳ ಮೇಲೆ ದಾಳಿ ಮಾಡಿ ಡೋಲು, ಪೂಜಾ ಸಾಮಾನು ಹೊತ್ತೊಯ್ತಿದ್ದರು. ಬಾಹಿಯಾದಲ್ಲಿ ಕಾಂಡೊಂಬ್ಲೆ ಪೂಜೆ ಮಾಡೋಕೆ 1976ರವರೆಗೂ ಪೊಲೀಸರ ಪರವಾನಗಿ ಬೇಕಿತ್ತು. ರಿಯೊ ನಗರದ ಪೊಲೀಸರು ಹೊತ್ತೊಯ್ದ ಸಾಮಾನು ಅವರ ವಶದಿಂದ ಬಿಟ್ಟು ಮ್ಯೂಸಿಯಂಗೆ ಬಂದಿದ್ದು 2020ರಲ್ಲಿ.

ಇವತ್ತು ಅಕರಜೆ ಬಾಹಿಯಾದ ಹೆಮ್ಮೆ. 2005ರಲ್ಲಿ ಬ್ರೆಜಿಲ್ ಸರ್ಕಾರ ಅಕರಜೆ ಮಾರುವ ಹೆಂಗಸರ ಕಸುಬನ್ನ ರಾಷ್ಟ್ರೀಯ ಪರಂಪರೆ ಅಂತ ದಾಖಲಿಸಿತು. ಹಾಗಂತ ಜಗಳ ಮುಗಿದಿಲ್ಲ. 2014ರ ಫುಟ್‌ಬಾಲ್ ವಿಶ್ವಕಪ್ಪಿಗೆ ಸಾಲ್ವಡಾರ್ ಕ್ರೀಡಾಂಗಣ ಸಿದ್ಧವಾಗ್ತಿದ್ದಾಗ, ಕಂಪನಿಗಳ ಲಾಭಕ್ಕೆ ಸುತ್ತಮುತ್ತ ಬೀದಿ ವ್ಯಾಪಾರ ನಿಷೇಧ ಅಂತ ಫಿಫಾ ನಿಯಮ ಬಂತು. ಆ ಹೆಂಗಸರು ಬಿಳಿ ಲಂಗ, ತಲೆವಸ್ತ್ರ ತೊಟ್ಟು ಬೀದಿಗಿಳಿದರು, ಸಹಿ ಸಂಗ್ರಹ ಮಾಡಿದರು, ಕೊನೆಗೆ ಕೆಲವರಿಗಾದರೂ ಜಾಗ ಗಿಟ್ಟಿಸಿದರು. ಇನ್ನೊಂದು ಕಡೆ, ಕೆಲವು ಇವಾಂಜೆಲಿಕಲ್ ಚರ್ಚಿಗೆ ಸೇರಿದ ವ್ಯಾಪಾರಿಗಳು ಅದೇ ವಡೆಯನ್ನ "ಯೇಸುವಿನ ವಡೆ" ಅಂತ ಮಾರ್ತಾರೆ. ಹೊಟ್ಟೆಪಾಡಿಗೆ ಯಾರು ಏನು ಮಾರಿದರೂ ನನ್ನ ತಕರಾರಿಲ್ಲ. ಆದರೆ ರುಚಿ ಬೇಕು, ಅದನ್ನ ಉಳಿಸಿದವರ ಹೆಸರು ಬೇಡ ಅಂದ್ರೆ ಹೇಗೆ? ರಾಗಿ ಅಂಬಲಿ ಈಗ ಸ್ಟಾರ್ ಹೋಟೆಲಿನ ಮೆನುವಿನಲ್ಲಿದೆ. ಅದನ್ನ ಕುಡಿದು ಬದುಕಿದವರನ್ನ ಆಡಿಕೊಂಡಿದ್ದು ಯಾರೂ ನೆನಪಿಸಿಕೊಳ್ಳಲ್ಲ.

ಬಿಡುಗಡೆಯಾದವರಲ್ಲಿ ಸಾವಿರಾರು ಜನ ಬ್ರೆಜಿಲ್‌ನಿಂದ ಲಾಗೋಸ್‌ಗೆ ವಾಪಸ್ ಬಂದರು. ಅವರು ನೆಲೆಸಿದ ಕೇರಿಗೆ ಇವತ್ತಿಗೂ ಬ್ರೆಜಿಲ್ ಕೇರಿ ಅನ್ನೋ ಹೆಸರಿದೆ. ಅವರ ಮನೆಗಳಲ್ಲಿ ಗುಡ್ ಫ್ರೈಡೇ ದಿನ ಕಾಳು ಬೇಯಿಸಿ ಅರೆದು ತೆಂಗಿನಹಾಲು ಸೇರಿಸಿ ಫ್ರೆಜೊನ್ ಮಾಡ್ತಾರೆ. ಹೆಸರು ಪೋರ್ಚುಗೀಸಿನದು, ಕಾಳು ಅಂತ ಅರ್ಥ. ಕಾಳಿನ ಅಡುಗೆ ಸಮುದ್ರ ದಾಟಿ ಹೋಗಿತ್ತು, ಹೊಸ ಹೆಸರು ಹೊತ್ತು ಸಮುದ್ರ ದಾಟಿ ಬಂತು.

ಯೊರುಬಾ ನಾಡಿನಲ್ಲೂ ಮಾರುಕಟ್ಟೆ ಹೆಂಗಸರ ಕತೆ ಮುಗಿದಿರಲಿಲ್ಲ. 1940ರ ದಶಕದಲ್ಲಿ ಅಬೆಯೊಕುಟದಲ್ಲಿ ಅಧಿಕಾರಿಗಳು ಅವರ ಅಕ್ಕಿ ಕಿತ್ತುಕೊಳ್ತಿದ್ದರು. ಹೆಂಗಸರ ಮೇಲೆ ಪ್ರತ್ಯೇಕ ತೆರಿಗೆ ಬೇರೆ. ಫುನ್ಮಿಲಾಯೊ ರಾನ್ಸಮ್ ಕುಟಿ ಅನ್ನೋ ಶಿಕ್ಷಕಿ ಮೊದಲು ಓದಿದ ಹೆಂಗಸರ ಕ್ಲಬ್ ನಡೆಸ್ತಿದ್ದರು. ಮಾರುಕಟ್ಟೆ ಹೆಂಗಸರ ಕಷ್ಟ ಕೇಳಿದ ಮೇಲೆ ಆ ಕ್ಲಬ್ಬೇ ಬದಲಾಗಿ ಅಬೆಯೊಕುಟ ಮಹಿಳಾ ಸಂಘ ಆಯ್ತು. ಫುನ್ಮಿಲಾಯೊ ಸೂಟು ಗೌನು ಬಿಟ್ಟು ಯೊರುಬಾ ಉಡುಗೆ ಉಟ್ಟರು, ಸಭೆಯಲ್ಲಿ ಯೊರುಬಾದಲ್ಲೇ ಮಾತಾಡಿದರು. ಸಾವಿರಾರು ಹೆಂಗಸರು ಅರಮನೆ ಮುಂದೆ ಕೂತರು. 1948ರಲ್ಲಿ ಆ ತೆರಿಗೆ ನಿಂತಿತು, 1949ರ ಜನವರಿಯಲ್ಲಿ ದೊರೆ ಗಾದಿ ಬಿಟ್ಟ. ಮುಂದೆ ಅವನು ವಾಪಸ್ ಬಂದ ಅನ್ನೋದೂ ನಿಜ. ಗೆಲುವು ಒಂದೇ ಸಲಕ್ಕೆ ಮುಗಿಯೋದಿಲ್ಲ.

ಗುಲಾಮಗಿರಿ ಬೇರೆ, ಅಸ್ಪೃಶ್ಯತೆ ಬೇರೆ. ಬಾಬಾಸಾಹೇಬರು ಎರಡನ್ನೂ ಹೋಲಿಸಿ ಬರೆದಿದ್ದಾರೆ, 1946ರಲ್ಲಿ ಅಮೆರಿಕದ ಕಪ್ಪುಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರವನ್ನೂ ಬರೆದಿದ್ದರು. ಅವರು ನೋಡಿದ್ದು ಅಲ್ಲಿನವರು ಏನು ದಾರಿ ಹಿಡಿದರು, ನಾವು ಏನು ಕಲೀಬಹುದು ಅಂತ. ನಾನೂ ಅಷ್ಟೇ ಕೇಳ್ತಿದ್ದೀನಿ.

ಹುಡುಗರಿಗೆ ನನ್ನ ಉತ್ತರ ಇದು. ಮೊದಲನೇದು, ಮನೆಯಲ್ಲಿರೋ ಸಾಗುವಳಿ ಚೀಟಿ, ಹಳೇ ಪಹಣಿ, ಕಂದಾಯ ರಸೀದಿ ಎಲ್ಲಾ ಇವತ್ತೇ ತೆಗೆದು ಫೋಟೊ ಹಿಡಿದಿಡಿ, ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಕಾಗದ ಮುಖ್ಯ ಅಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಒಬಡಾಯ ಜಾನ್ಸನ್ ಇಪ್ಪತ್ತು ವರ್ಷ ಒದ್ದಾಡಿದ್ದು ಕಾಗದಕ್ಕೇ. ಎರಡನೇದು, ಅಜ್ಜಿ ಹತ್ರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ. ಬರಗಾಲದಲ್ಲಿ ಏನು ತಿಂದಿರಿ, ಯಾವ ಸೊಪ್ಪು, ಯಾವ ಮಾಂಸ, ಒಣಗಿಸಿ ಇಡ್ತಿದ್ದದ್ದು ಹೇಗೆ, ಹೆರಿಗೆ ಮನೆಗೆ ಏನು, ಸಾವಿನ ಮನೆಗೆ ಏನು, ಯಾವ ದೇವರಿಗೆ ಯಾವ ಎಡೆ, ತಾಯಿಯ ಊರು ಯಾವುದು, ಅವರ ತಾಯಿಯದ್ದು ಯಾವುದು. ನಾಚಿಕೆ ಪಟ್ಟು ಬಿಟ್ಟ ಹೆಸರುಗಳನ್ನೂ ಕೇಳಿ. ಬರೆದು ಇಲ್ಲೇ ಕಾಮೆಂಟಿನಲ್ಲಿ ಹಾಕಿ, ಊರು ತಾಲ್ಲೂಕು ಸಮೇತ. ನಾನು ಎಲ್ಲಾ ಸೇರಿಸಿ ಒಂದು ವಹಿ ಮಾಡ್ತೀನಿ. ಅಷ್ಟು ಕೆಲಸ ನನಗೆ ಬರುತ್ತೆ.

ಜೈಭೀಮ್.